ಓದುಗರ ಪ್ರಶ್ನೆಗಳು: ಮೊಟ್ಟೆ ಎಷ್ಟು, ಭಾರ ಎಷ್ಟು?

ವ್ಯಾಯಾಮ ಮತ್ತು ಆಹಾರದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮೊಟ್ಟೆಯ ಕುರಿತಾಗಿದ್ದವು. ಭಾರ ಎತ್ತುವುದರ ಬಗ್ಗೆ ಕೇಳಿದವರು ಕಡಿಮೆ. ಅಂಗಳದಲ್ಲಿ ಇಟ್ಟಿಗೆ ರಾಶಿ ಹಾಕಿದ ಮಾತ್ರಕ್ಕೆ ಗೋಡೆ ಏಳುವುದಿಲ್ಲವಲ್ಲ, ಹಾಗೆಯೇ ಇದು ಕೂಡ. ಸ್ನಾಯುವನ್ನು ಬೆಳೆಯುವಂತೆ ಮಾಡುವುದು ಅದರ ಮೇಲೆ ಬೀಳುವ ಭಾರ. ಮೊಟ್ಟೆ, ಬೇಳೆ, ಹಾಲು, ಮೀನು ಇವೆಲ್ಲ ಆ ಬೆಳವಣಿಗೆಗೆ ಬೇಕಾದ ಸಾಮಗ್ರಿ. ಈ ಕಾರಣದಿಂದ ಮೊಟ್ಟೆಯ ಪ್ರಶ್ನೆಗೆ ಉತ್ತರಿಸುವಾಗಲೂ ನಾನು ಮತ್ತೆ ಮತ್ತೆ ಭಾರದ ಕಡೆಗೆ ತಿರುಗಿದರೆ ಓದುಗರು ಬೇಸರಿಸಬಾರದು.

ಪ್ರಶ್ನೆ: ನನಗೆ 24 ವರ್ಷ, ತೂಕ 58 ಕಿಲೋ. ಜಿಮ್‌ಗೆ ಸೇರಿ ಎರಡು ತಿಂಗಳಾಯಿತು. ದಿನಕ್ಕೆ ಹತ್ತು ಮೊಟ್ಟೆಯ ಬಿಳಿಭಾಗವನ್ನು ಮಾತ್ರ ತಿಂದು ಹಳದಿಯನ್ನು ಎಸೆಯಬೇಕೆಂದು ಅಲ್ಲಿನ ತರಬೇತುದಾರರು ಹೇಳಿದ್ದಾರೆ. ದಿನವೂ ಹತ್ತು ಹಳದಿ ಕಸದ ಬುಟ್ಟಿಗೆ ಹೋಗುವುದನ್ನು ಕಂಡು ನಮ್ಮ ತಾಯಿ ಸಿಟ್ಟಾಗುತ್ತಾರೆ. ಯಾರ ಮಾತು ಸರಿ?
— ಒಬ್ಬ ಓದುಗ, ದಾವಣಗೆರೆ

ಉತ್ತರ: ನಿಮ್ಮ ತಾಯಿಯ ಮಾತು ಸರಿ. ಸುಮಾರು 50 ಗ್ರಾಂ ತೂಗುವ ಒಂದು ಮೊಟ್ಟೆಯಲ್ಲಿ 6 ಗ್ರಾಂನಷ್ಟು ಪ್ರೋಟೀನ್ ಇರುತ್ತದೆ. ಅದರಲ್ಲಿ ಮೂರೂವರೆ ಗ್ರಾಂನಷ್ಟು ಬಿಳಿಯಲ್ಲಿದ್ದರೆ, ಉಳಿದ ಎರಡೂವರೆ ಗ್ರಾಂ ನೀವು ಎಸೆಯುತ್ತಿರುವ ಹಳದಿಯಲ್ಲಿದೆ. ಅಂದರೆ ಹತ್ತು ಮೊಟ್ಟೆಗೆ ಹಣ ಕೊಟ್ಟು ನೀವು ಪಡೆಯುತ್ತಿರುವುದು ಸುಮಾರು 35 ಗ್ರಾಂ ಪ್ರೋಟೀನ್. ಅಷ್ಟು ಪ್ರೋಟೀನು ಆರು ಇಡೀ ಮೊಟ್ಟೆಗಳಲ್ಲೇ ಸಿಗುತ್ತಿತ್ತು. ಎ ಮತ್ತು ಡಿ ಜೀವಸತ್ವಗಳು, ಬಿ12ರ ಬಹುಪಾಲು, ಕಬ್ಬಿಣ, ಕೋಲೀನ್ ಎಲ್ಲವೂ ಹಳದಿಯ ಜೊತೆಗೇ ಬುಟ್ಟಿಗೆ ಹೋಗುತ್ತವೆ. ತೂಕ ಇಳಿಸಬೇಕಾದವರು ಕ್ಯಾಲೊರಿ ಉಳಿಸಲು ಒಂದೆರಡು ಹಳದಿಯನ್ನು ಬಿಡುವುದರಲ್ಲಿ ಅರ್ಥವಿದೆ, ಏಕೆಂದರೆ ಬಿಳಿಯಲ್ಲಿ 17 ಕ್ಯಾಲೊರಿಯಷ್ಟು ಇದ್ದರೆ ಹಳದಿಯಲ್ಲಿ 55ರಷ್ಟು ಇರುತ್ತದೆ. ಆದರೆ 58 ಕಿಲೋ ತೂಗುವ, ಮೈ ತುಂಬಿಕೊಳ್ಳಬೇಕೆಂದು ಹೊರಟಿರುವ ಯುವಕನಿಗೆ ಬೇಕಾಗಿರುವುದೇ ಆ ಕ್ಯಾಲೊರಿ.

ಹಳದಿಯ ಮೇಲಿನ ಭಯಕ್ಕೆ ಒಂದು ಚರಿತ್ರೆಯಿದೆ. ಒಂದು ಹಳದಿಯಲ್ಲಿ 185 ಮಿಲಿಗ್ರಾಂನಷ್ಟು ಕೊಲೆಸ್ಟ್ರಾಲ್ ಇರುವುದು ನಿಜ. 1968ರಲ್ಲಿ ಅಮೆರಿಕದ ಹೃದಯ ಸಂಘವು ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟ್ರಾಲ್ ಮೀರಬಾರದು, ವಾರಕ್ಕೆ ಮೂರಕ್ಕಿಂತ ಹೆಚ್ಚು ಹಳದಿ ತಿನ್ನಬಾರದು ಎಂದು ಸಲಹೆ ನೀಡಿತು. ಆ ಮಾತು ಲೋಕವನ್ನೆಲ್ಲ ಸುತ್ತಿ ನಮ್ಮ ಊರುಗಳ ಜಿಮ್‌ಗಳನ್ನೂ ತಲುಪಿತು. ರಕ್ತದಲ್ಲಿರುವ ಕೊಲೆಸ್ಟ್ರಾಲ್‌ನ ಹೆಚ್ಚಿನ ಪಾಲನ್ನು ನಮ್ಮ ಯಕೃತ್ತೇ ತಯಾರಿಸುತ್ತದೆ, ಅದನ್ನು ಏರಿಸುವುದರಲ್ಲಿ ತುಪ್ಪ, ಡಾಲ್ಡಾ, ಕರಿದ ತಿಂಡಿಗಳಲ್ಲಿರುವ ಕೊಬ್ಬಿನ ಪಾತ್ರವೇ ದೊಡ್ಡದು ಎಂಬುದು ಕ್ರಮೇಣ ಸ್ಪಷ್ಟವಾದ ಮೇಲೆ, ಅಮೆರಿಕ ಸರ್ಕಾರದ 2015ರ ಆಹಾರ ಮಾರ್ಗಸೂಚಿಯಿಂದ ಆ 300 ಮಿಲಿಗ್ರಾಂ ಮಿತಿಯನ್ನು ಕೈಬಿಡಲಾಯಿತು. ಮಾರ್ಗಸೂಚಿ ಬದಲಾದ ಸುದ್ದಿ ಮಾತ್ರ ಅಷ್ಟು ಬೇಗ ಊರು ಸುತ್ತಲಿಲ್ಲ.

ಇನ್ನೊಂದು ಸಂಗತಿ. 2017ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಭಾರ ಎತ್ತಿದ ಹತ್ತು ಯುವಕರಿಗೆ ಒಮ್ಮೆ ಇಡೀ ಮೊಟ್ಟೆಯನ್ನೂ ಇನ್ನೊಮ್ಮೆ ಬರಿಯ ಬಿಳಿಯನ್ನೂ, ಎರಡರಲ್ಲೂ 18 ಗ್ರಾಂ ಪ್ರೋಟೀನ್ ಇರುವಂತೆ ಕೊಟ್ಟು ನೋಡಿದಾಗ, ಮುಂದಿನ ಕೆಲವು ಗಂಟೆಗಳಲ್ಲಿ ಸ್ನಾಯುವಿನಲ್ಲಿ ಹೊಸ ಪ್ರೋಟೀನ್ ಕಟ್ಟಿಕೊಳ್ಳುವ ವೇಗವು ಇಡೀ ಮೊಟ್ಟೆ ತಿಂದಾಗಲೇ ಹೆಚ್ಚಾಗಿತ್ತು. ಹತ್ತೇ ಜನ, ಕೆಲವೇ ಗಂಟೆ. ಇದರಿಂದ ತಿಂಗಳುಗಳ ಫಲವನ್ನು ಊಹಿಸಲು ನಾನು ಹೋಗುವುದಿಲ್ಲ. ಹಳದಿಯನ್ನು ಎಸೆದರೆ ಲಾಭವಿದೆ ಎನ್ನುವವರ ಕಡೆಗಂತೂ ಈ ಫಲಿತಾಂಶ ವಾಲುವುದಿಲ್ಲ.

ಹಾಗಾದರೆ ಎಷ್ಟು ತಿನ್ನಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಸಾಮಾನ್ಯ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಸಾಕು. ಭಾರ ಎತ್ತುವವರಿಗೆ 1.6 ಗ್ರಾಂವರೆಗೆ ಪ್ರಯೋಜನ ಕಾಣುತ್ತದೆ, ಅದಕ್ಕಿಂತ ಮೇಲೆ ಹೋದಂತೆ ಸಿಗುವ ಹೆಚ್ಚುವರಿ ಫಲ ಅತ್ಯಲ್ಪ. ನಿಮ್ಮ ತೂಕಕ್ಕೆ ಅದು 93 ಗ್ರಾಂ ಆಗುತ್ತದೆ. ಈಗ ನಿಮ್ಮ ತಟ್ಟೆಯನ್ನೇ ನೋಡೋಣ. ಬೆಳಿಗ್ಗೆ ಕಡಲೆಬೀಜ ಹಾಕಿದ ಉಪ್ಪಿಟ್ಟಿನಲ್ಲಿ 8 ಗ್ರಾಂ. ಮಧ್ಯಾಹ್ನ ಎರಡು ಜೋಳದ ರೊಟ್ಟಿ, ಒಂದಿಷ್ಟು ಅನ್ನ ಮತ್ತು ಗಟ್ಟಿ ಬೇಳೆಯಲ್ಲಿ 21. ರಾತ್ರಿಯ ಅನ್ನ ಸಾರಿನಲ್ಲಿ 12. ದಿನವಿಡೀ ಸೇರಿ 400 ಮಿಲಿಲೀಟರ್ ಹಾಲು ಮೊಸರಿನಲ್ಲಿ 13. ಒಟ್ಟು 54 ಆಯಿತು, ಉಳಿದದ್ದು 39. ನಾಲ್ಕು ಇಡೀ ಮೊಟ್ಟೆ 24 ಕೊಡುತ್ತವೆ. ಮೊಳಕೆ ಬರಿಸಿದ ಹೆಸರುಕಾಳು ಒಂದು ಬಟ್ಟಲು, ಹುರಿದ ಕಡಲೆಬೀಜ ಒಂದು ಹಿಡಿ ಸೇರಿದರೆ ಬಾಕಿ 15 ಗ್ರಾಂ ತುಂಬುತ್ತದೆ. ಹತ್ತು ಮೊಟ್ಟೆ ಬೇಡ, ಡಬ್ಬದ ಪುಡಿಯೂ ಬೇಡ. ಮನೆಯಲ್ಲಿ ರೊಟ್ಟಿಯ ಬದಲು ಬೇರೆ ಅಡುಗೆ ನಡೆಯುವುದಾದರೆ ಸಂಖ್ಯೆಗಳು ಸ್ವಲ್ಪ ಅತ್ತಿತ್ತ ಆಗುತ್ತವೆ, ಲೆಕ್ಕ ಹಾಕುವ ಬಗೆ ಇದೇ.

ಪ್ರಶ್ನೆ: ನಮ್ಮ ತಾತ ಮೈಸೂರಿನ ಗರಡಿಯಲ್ಲಿ ಸಾಮು ಮಾಡಿದವರು. ಹಸಿ ಮೊಟ್ಟೆಯನ್ನು ಬಿಸಿ ಹಾಲಿಗೆ ಒಡೆದು ಹಾಕಿ ಕುಡಿದರೆ ಶಕ್ತಿ ಹೆಚ್ಚು, ಬೇಯಿಸಿದರೆ ಸತ್ವ ಹೋಗುತ್ತದೆ ಎನ್ನುತ್ತಾರೆ. ಇದು ನಿಜವೇ?
— ಕಾಲೇಜು ವಿದ್ಯಾರ್ಥಿ, ನಂಜನಗೂಡು

ಉತ್ತರ: ತಾತನವರ ಗರಡಿಯ ವಿದ್ಯೆಗೆ ನನ್ನ ನಮಸ್ಕಾರ. ಮಟ್ಟಿಯಲ್ಲಿ ಹೊಡೆದ ಬಸ್ಕಿ, ದಂಡ, ತಿರುಗಿಸಿದ ಗದೆ, ಇವೆಲ್ಲ ಇಂದಿನ ಯಾವ ಜಿಮ್‌ನ ಪಾಠಕ್ಕೂ ಕಡಿಮೆಯಲ್ಲ. ಹಸಿ ಮೊಟ್ಟೆಯ ವಿಷಯದಲ್ಲಿ ಮಾತ್ರ ಅವರ ಮಾತು ಅದಲುಬದಲಾಗಿದೆ. 1998ರಲ್ಲಿ ಬೆಲ್ಜಿಯಂನ ಸಂಶೋಧಕರು ಅಳೆದು ನೋಡಿದಾಗ, ಬೇಯಿಸಿದ ಮೊಟ್ಟೆಯ ಪ್ರೋಟೀನಿನಲ್ಲಿ ಶೇ 91ರಷ್ಟು ಜೀರ್ಣವಾದರೆ ಹಸಿಯದ್ದರಲ್ಲಿ ಜೀರ್ಣವಾದದ್ದು ಶೇ 51ರಷ್ಟು ಮಾತ್ರ. ಬಿಸಿ ತಾಗಿದಾಗ ಪ್ರೋಟೀನಿನ ಬಿಗಿದ ಸುರುಳಿಗಳು ಬಿಚ್ಚಿಕೊಳ್ಳುತ್ತವೆ, ಆಗ ನಮ್ಮ ಜೀರ್ಣರಸಗಳಿಗೆ ಅವನ್ನು ಕತ್ತರಿಸುವುದು ಸುಲಭವಾಗುತ್ತದೆ. ಹಸಿ ಬಿಳಿಯಲ್ಲಿರುವ ಅವಿಡಿನ್ ಎಂಬ ಅಂಶವು ಬಯೋಟಿನ್ ಎಂಬ ಜೀವಸತ್ವವನ್ನು ಹಿಡಿದಿಟ್ಟು ದೇಹಕ್ಕೆ ಸಿಗದಂತೆ ಮಾಡುವುದೂ ಉಂಟು. ಇದಕ್ಕಿಂತ ದೊಡ್ಡ ಆತಂಕವೆಂದರೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕು. ಲೋಟದ ಹಾಲಿನ ಬಿಸಿ ಅದನ್ನು ಕೊಲ್ಲಲು ಸಾಲದು.

ಕುದಿಯುವ ನೀರಿನಲ್ಲಿ ಒಂಬತ್ತು ಹತ್ತು ನಿಮಿಷ ಬೇಯಿಸಿ ತಕ್ಷಣ ತಣ್ಣೀರಿಗೆ ಹಾಕಿ. ಇಪ್ಪತ್ತು ನಿಮಿಷ ಮರೆತುಬಿಟ್ಟರೆ ಹಳದಿಯ ಸುತ್ತ ಹಸಿರು ಮಿಶ್ರಿತ ಬೂದು ಬಣ್ಣದ ಉಂಗುರವೊಂದು ಕಾಣಿಸುತ್ತದೆ. ಹಳದಿಯ ಕಬ್ಬಿಣವೂ ಬಿಳಿಯ ಗಂಧಕವೂ ಸೇರಿ ಆಗುವ ಆ ಉಂಗುರದಿಂದ ಕೆಡುಕೇನೂ ಇಲ್ಲ, ನೋಡಲಷ್ಟೇ ಚೆನ್ನಾಗಿರುವುದಿಲ್ಲ.

ಪ್ರಶ್ನೆ: ಎಂಟು ತಿಂಗಳಿಂದ ತಪ್ಪದೆ ಜಿಮ್‌ಗೆ ಹೋಗುತ್ತಿದ್ದೇನೆ, ದಿನಕ್ಕೆ ಐದು ಮೊಟ್ಟೆ ತಿನ್ನುತ್ತಿದ್ದೇನೆ. ಮೊದಲ ಎರಡು ತಿಂಗಳು ಶಕ್ತಿ ಚೆನ್ನಾಗಿ ಏರಿತು, ಆಮೇಲೆ ನಿಂತೇಹೋಯಿತು. ಮೊಟ್ಟೆಯನ್ನು ಎಂಟಕ್ಕೆ ಏರಿಸಬೇಕೇ?
— ಖಾಸಗಿ ಕಂಪನಿ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ಏರಿಸಬೇಕಾಗಿರುವುದು ಮೊಟ್ಟೆಯನ್ನಲ್ಲ. ನಿಮ್ಮ ಪತ್ರದ ಎರಡನೆಯ ಪುಟದಲ್ಲಿ, ಪ್ರಶ್ನೆಗೆ ಸಂಬಂಧವಿಲ್ಲವೆಂಬಂತೆ, ‘ಎಂಟು ಕಿಲೋ ಡಂಬೆಲ್‌ನಲ್ಲಿ ಹತ್ತರ ಮೂರು ಸೆಟ್ ಮಾಡುತ್ತೇನೆ’ ಎಂದು ಬರೆದಿದ್ದೀರಿ, ಅಂದರೆ ಒಂದೇ ಸಮನೆ ಹತ್ತು ಬಾರಿ ಎತ್ತುವುದು, ನಡುವೆ ವಿರಾಮ, ಹೀಗೆ ಮೂರು ಸುತ್ತು. ಮಾರ್ಚ್‌ನಲ್ಲಿ ಎಂಟು ಕಿಲೋ, ಅಕ್ಟೋಬರ್‌ನಲ್ಲಿಯೂ ಎಂಟು ಕಿಲೋ. ನಿಮ್ಮ ತೋಳಿಗೆ ಆ ಭಾರ ಈಗ ಹೊಸ ಸುದ್ದಿಯಲ್ಲ; ಅದಕ್ಕಾಗಿ ಅದು ಮತ್ತಷ್ಟು ಬೆಳೆಯಬೇಕಾದ ಕಾರಣವೂ ಇಲ್ಲ.

ಮೊದಲ ಆರೆಂಟು ವಾರಗಳಲ್ಲಿ ಏರುವ ಶಕ್ತಿಯ ಹೆಚ್ಚಿನ ಪಾಲು ಸ್ನಾಯು ದಪ್ಪವಾದದ್ದರಿಂದ ಬಂದುದಲ್ಲ. ಇರುವ ಸ್ನಾಯುವನ್ನೇ ಹೆಚ್ಚು ಚೆನ್ನಾಗಿ ದುಡಿಸಿಕೊಳ್ಳುವುದನ್ನು ನರಮಂಡಲ ಕಲಿಯುತ್ತದೆ. ಸೈಕಲ್ ಕಲಿತಂತೆ ಇದೂ ಬೇಗ ಕೈಹತ್ತುತ್ತದೆ, ಬೇಗ ಮುಗಿಯುತ್ತದೆ. ಆಮೇಲಿನದು ನಿಧಾನದ ದಾರಿ, ಅಲ್ಲಿ ಭಾರ ಹಂತಹಂತವಾಗಿ ಏರುತ್ತಲೇ ಇರಬೇಕು. ನೀವು ಮಾಡುತ್ತಿರುವ ‘ಹತ್ತರ ಮೂರು ಸೆಟ್’ ಎಂಬ ಪದ್ಧತಿಯ ಮೂಲವೇ ಈ ಏರಿಕೆಯಲ್ಲಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸೇನೆಯ ವೈದ್ಯ ಥಾಮಸ್ ಡಿಲಾರ್ಮ್ ಅವರು ಮೊಣಕಾಲು ಮುರಿದುಕೊಂಡು ಬಂದ ಸೈನಿಕರಿಗೆ, ಆಗಿನ ವಾಡಿಕೆಯಂತೆ ಹಗುರ ಭಾರವನ್ನು ನೂರಾರು ಬಾರಿ ಎತ್ತಿಸುವ ಬದಲು, ಕಷ್ಟಪಟ್ಟು ಹತ್ತು ಬಾರಿ ಎತ್ತಬಲ್ಲ ಭಾರವನ್ನು ಕೊಟ್ಟು ಅದನ್ನು ವಾರ ವಾರ ಏರಿಸುತ್ತ ಹೋದರು. 1945ರಲ್ಲಿ ಅವರು ಇದನ್ನು ಪ್ರಕಟಿಸಿದರು. ಕೆಲವು ವರ್ಷಗಳ ನಂತರ ಸೆಟ್‌ಗಳ ಸಂಖ್ಯೆಯನ್ನು ಮೂರಕ್ಕೆ ಇಳಿಸಿದರು. ಇಂದು ಜಿಮ್‌ಗಳಲ್ಲಿ ಹತ್ತು ಮತ್ತು ಮೂರು ಉಳಿದುಕೊಂಡಿವೆ, ಏರಿಸುವುದು ಮರೆತುಹೋಗಿದೆ. ನಿಮ್ಮ ಭಾಗದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು ಕೇಳಿ ನೋಡಿ. ಸಣ್ಣ ಕಲ್ಲಿನಲ್ಲೇ ವರ್ಷಗಟ್ಟಲೆ ಕುಳಿತವನು ದೊಡ್ಡ ಕಲ್ಲನ್ನು ಎದೆಗೇರಿಸಿದ್ದನ್ನು ಅವರಲ್ಲಿ ಯಾರೂ ಕಂಡಿರಲಾರರು.

ಮಾಡಬೇಕಾದುದು ಇಷ್ಟು. ನಲವತ್ತು ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡು ದಿನಾಂಕ, ಭಾರ, ಎಷ್ಟು ಬಾರಿ ಎಂಬುದನ್ನು ಬರೆಯಿರಿ. ಎಂಟು ಕಿಲೋದಲ್ಲಿ ಮೂರೂ ಸೆಟ್‌ಗಳಲ್ಲಿ ಹನ್ನೆರಡು ಬಾರಿ ಎತ್ತಲು ಆದ ದಿನ, ಮುಂದಿನ ಬಾರಿಗೆ ಹತ್ತು ಕಿಲೋ ಹಿಡಿಯಿರಿ. ಆಗ ಎಂಟೇ ಬಾರಿ ಆದೀತು, ಆಗಲಿ. ಮತ್ತೆ ಹನ್ನೆರಡಕ್ಕೆ ತಲುಪುವವರೆಗೆ ಅಲ್ಲೇ ಇರಿ. ತೋಳಿನ ವ್ಯಾಯಾಮವೊಂದಕ್ಕೇ ಅಂಟಿಕೊಳ್ಳದೆ ಸ್ಕ್ವಾಟ್ (ಭಾರ ಹೊತ್ತು ಕುಳಿತು ಏಳುವುದು), ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವುದು), ಬೆಂಚ್ ಪ್ರೆಸ್ (ಮಲಗಿ ಎದೆಯ ಮೇಲಿಂದ ಭಾರ ತಳ್ಳುವುದು) ಇವುಗಳಂತಹ, ಇಡೀ ಮೈ ದುಡಿಯುವ ಎತ್ತುಗಳಿಗೆ ಮೊದಲ ಸ್ಥಾನ ಕೊಡಿ. ಒಂದು ಸ್ನಾಯುವನ್ನು ದುಡಿಸಿದ ಮೇಲೆ ಅದಕ್ಕೆ ನಲವತ್ತೆಂಟು ಗಂಟೆಗಳ ವಿರಾಮವಿರಲಿ. ರಾತ್ರಿ ಹನ್ನೆರಡರವರೆಗೆ ಮೊಬೈಲ್ ನೋಡಿ ಐದಕ್ಕೆ ಎದ್ದು ಜಿಮ್‌ಗೆ ಓಡುವುದಾಗಿ ಬರೆದಿದ್ದೀರಲ್ಲ, ಆರು ಮತ್ತು ಏಳನೆಯ ಮೊಟ್ಟೆಗಿಂತ ಆರು ಮತ್ತು ಏಳನೆಯ ಗಂಟೆಯ ನಿದ್ದೆ ನಿಮಗೆ ಹೆಚ್ಚು ಉಪಕಾರ ಮಾಡೀತು.

ತಾಳ್ಮೆಯ ಪ್ರಮಾಣ ಎಷ್ಟಿರಬೇಕೆಂಬುದಕ್ಕೆ ನಮ್ಮವರದೇ ಉದಾಹರಣೆ. ಕುಂದಾಪುರ ತಾಲ್ಲೂಕಿನ ಗುರುರಾಜ ಪೂಜಾರಿಯವರು 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ, 61 ಕಿಲೋ ವಿಭಾಗದಲ್ಲಿ, 269 ಕಿಲೋ ಎತ್ತಿ ಕಂಚು ಪಡೆದರು. ಅದೇ ಕಸುಬಾಗಿರುವ ಕ್ರೀಡಾಪಟುವಿಗೆ ನಾಲ್ಕು ವರ್ಷಗಳಲ್ಲಿ, ಅದೂ ಮೇಲಿನ ತೂಕದ ವಿಭಾಗಕ್ಕೆ ಹೋದ ಮೇಲೆ, ಏರಿದ್ದು ಇಪ್ಪತ್ತು ಕಿಲೋ. ನಿಮ್ಮ ಡಂಬೆಲ್ ತಿಂಗಳಿಗೊಮ್ಮೆ ಒಂದು ಕಿಲೋ ಏರಿದರೂ ಅದು ಒಳ್ಳೆಯ ವೇಗವೇ.

ಪ್ರಶ್ನೆ: ನನಗೆ 53 ವರ್ಷ. ಮುಟ್ಟು ನಿಂತು ಮೂರು ವರ್ಷವಾಯಿತು. ಮೂಳೆ ಸವೆಯುತ್ತಿದೆ, ಸ್ವಲ್ಪ ಭಾರ ಎತ್ತುವ ವ್ಯಾಯಾಮ ಮಾಡಿ ಎಂದು ಡಾಕ್ಟರು ಹೇಳಿದ್ದಾರೆ. ಈ ವಯಸ್ಸಿನಲ್ಲಿ ಹುಡುಗರ ಮಧ್ಯೆ ಜಿಮ್‌ಗೆ ಹೋಗಲು ಸಂಕೋಚ. ವಾಕಿಂಗ್ ಸಾಲದೇ? ಮೊಟ್ಟೆ ತಿಂದರೆ ಮೈಗೆ ಉಷ್ಣವಾಗುತ್ತದೆಂಬ ಭಯವೂ ಇದೆ.
— ಗೃಹಿಣಿ, ಮಂಡ್ಯ

ಉತ್ತರ: ವಾಕಿಂಗ್ ಬಿಡಬೇಡಿ, ಅದು ಹೃದಯಕ್ಕೂ ಮನಸ್ಸಿಗೂ ಒಳ್ಳೆಯದು. ಆದರೆ ಸಮತಟ್ಟಾದ ರಸ್ತೆಯಲ್ಲಿ ನಡೆಯುವುದರಿಂದ ಬೆನ್ನಿನ ಮೂಳೆಗೆ ಸಿಗುವ ಒತ್ತಡ ತೀರ ಕಡಿಮೆ. ಮೂಳೆಯೂ ಸ್ನಾಯುವಿನಂತೆಯೇ ಒತ್ತಡ ಬಿದ್ದಲ್ಲಿ ಗಟ್ಟಿಯಾಗುವ ವಸ್ತು. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದಲ್ಲಿ ಮುಟ್ಟು ನಿಂತ, ಮೂಳೆ ಸಾಂದ್ರತೆ ಕಡಿಮೆಯಿದ್ದ 101 ಮಹಿಳೆಯರ ಮೇಲೆ ನಡೆದ ಪ್ರಯೋಗದಲ್ಲಿ, ವಾರಕ್ಕೆರಡು ದಿನ ಅರ್ಧ ಗಂಟೆಯಂತೆ ಎಂಟು ತಿಂಗಳು ತರಬೇತುದಾರರ ಕಣ್ಣೆದುರಲ್ಲೇ ನಿಜವಾಗಿಯೂ ಭಾರವಾದದ್ದನ್ನು ಎತ್ತಿದವರಿಗೆ ಸೊಂಟದ ಬೆನ್ನುಮೂಳೆಯ ಸಾಂದ್ರತೆ ಶೇ 2.9ರಷ್ಟು ಏರಿತು, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರಿಗೆ ಶೇ 1.2ರಷ್ಟು ಇಳಿಯಿತು.

ವಯಸ್ಸಿನ ಮಾತಿಗೆ ಬಂದರೆ, 1990ರಲ್ಲಿ ಬಾಸ್ಟನ್‌ನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದಾಗ ಅವರ ಕಾಲಿನ ಶಕ್ತಿ ಸರಾಸರಿ ಶೇ 174ರಷ್ಟು ಹೆಚ್ಚಿತು, ಇಬ್ಬರು ಊರುಗೋಲನ್ನು ಬದಿಗಿಟ್ಟು ನಡೆದರು. ಅವರ ಮುಂದೆ ನೀವು ಇನ್ನೂ ಹುಡುಗಿ.

ಸಂಕೋಚದ ಬಗ್ಗೆ ನನ್ನ ಅನುಭವವನ್ನೇ ಹೇಳುತ್ತೇನೆ. ನಾನು ಮೊದಲ ಬಾರಿ ಬಾರ್ಬೆಲ್ ಹಿಡಿದದ್ದು ನಲವತ್ತು ದಾಟಿದ ಮೇಲೆ. ಪ್ಲೇಟುಗಳೇ ಇಲ್ಲದ ಖಾಲಿ ಬಾರು ಇಪ್ಪತ್ತು ಕಿಲೋ ತೂಗುತ್ತದೆಂಬುದು ಗೊತ್ತಿರದೆ, ‘ಸುಮ್ಮನೆ ಸರಳು ತಾನೇ’ ಎಂದು ಎತ್ತಲು ಹೋಗಿ ಅಲ್ಲಾಡಿಸಲಾಗದೆ ನಿಂತಿದ್ದೆ. ಪಕ್ಕದಲ್ಲಿದ್ದ ಹುಡುಗ ನಗಲಿಲ್ಲ, ಇಯರ್‌ಫೋನ್ ಕೂಡ ತೆಗೆಯಲಿಲ್ಲ. ಅಲ್ಲಿ ಪ್ರತಿಯೊಬ್ಬರೂ ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಳ್ಳುತ್ತಿರುತ್ತಾರೆ. ಆದರೂ ಮನೆಯಲ್ಲೇ ಆರಂಭಿಸಲು ಅಡ್ಡಿಯಿಲ್ಲ. ಊಟದ ಮೇಜಿನ ಕುರ್ಚಿಯಲ್ಲಿ ಕುಳಿತು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಹತ್ತು ಬಾರಿ ಏಳಿ, ಕೂರಿ. ಅದು ಸಲೀಸಾದಾಗ ಎರಡು ಲೀಟರಿನ ನೀರಿನ ಬಾಟಲಿಯೊಂದನ್ನು, ಅಂದರೆ ಎರಡು ಕಿಲೋವನ್ನು, ಎದೆಗೆ ಅವಚಿಕೊಂಡು ಮಾಡಿ. ಆಮೇಲೆ ಐದು ಕಿಲೋ ಅಕ್ಕಿಯ ಚೀಲ. ನೆಲದಿಂದ ಚೀಲ ಎತ್ತುವಾಗ ಬೆನ್ನನ್ನು ಬಿಲ್ಲಿನಂತೆ ಬಾಗಿಸದೆ, ಸೊಂಟದಿಂದ ಹಿಂದಕ್ಕೆ ಸರಿದು, ಮೊಣಕಾಲು ಮಡಿಸಿ, ಚೀಲವನ್ನು ಮೈಗೆ ಹತ್ತಿರ ತಂದು ಎತ್ತಬೇಕು. ಮೂಳೆ ಸವೆತ ಎಷ್ಟಿದೆ ಎಂಬುದನ್ನು ನಿಮ್ಮ ಡಾಕ್ಟರು ಅಳೆದಿರುವುದರಿಂದ, ಅಕ್ಕಿ ಚೀಲಕ್ಕಿಂತ ಮೇಲಿನ ಭಾರಕ್ಕೆ ಹೋಗುವ ಮುನ್ನ ಅವರನ್ನೋ ಫಿಸಿಯೋಥೆರಪಿಸ್ಟ್‌ರನ್ನೋ ಕೇಳಿಕೊಳ್ಳುವುದು ಅಗತ್ಯ.

ಮೊಟ್ಟೆ ಉಷ್ಣ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ತಿಂದರೆ ನಿಮಗೆ ನಿಜವಾಗಿ ತೊಂದರೆಯಾಗುವುದಿದ್ದರೆ ಬಿಡಿ. ಇಲ್ಲವಾದರೆ ದಿನಕ್ಕೊಂದು ಮೊಟ್ಟೆಗೆ ಹೆದರಬೇಕಾದ್ದಿಲ್ಲ. ಮೂಳೆಯ ಸುಣ್ಣಕ್ಕೆ ಮೊಟ್ಟೆಯನ್ನು ನೆಚ್ಚಬೇಡಿ, ಅದಕ್ಕೆ ನಿಮ್ಮೂರಿನ ರಾಗಿಯೂ ಮೊಸರೂ ಇವೆ.

ಪ್ರಶ್ನೆ: ವಯಸ್ಸು 47. ರಕ್ತದೊತ್ತಡಕ್ಕೂ ಸಕ್ಕರೆ ಕಾಯಿಲೆಗೂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಕೊಲೆಸ್ಟ್ರಾಲ್ ಕೂಡ ಹೆಚ್ಚಿದೆ. ಭಾರ ಎತ್ತಬಹುದೇ? ಮೊಟ್ಟೆ ತಿನ್ನಬಹುದೇ?
— ಶಿಕ್ಷಕರು, ಕಲಬುರಗಿ

ಉತ್ತರ: ಎರಡಕ್ಕೂ ಉತ್ತರ ಹೌದು, ಆದರೆ ಎರಡಕ್ಕೂ ಷರತ್ತಿದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ 1985ರಲ್ಲಿ ಐವರು ದೇಹದಾರ್ಢ್ಯಪಟುಗಳ ರಕ್ತನಾಳದೊಳಕ್ಕೇ ಅಳತೆಯ ನಳಿಕೆ ಸೇರಿಸಿ, ಎರಡೂ ಕಾಲುಗಳಿಂದ ಅತಿ ಭಾರವನ್ನು ತಳ್ಳಿಸಿ ನೋಡಿದಾಗ, ರಕ್ತದೊತ್ತಡ ಸರಾಸರಿ 320/250ಕ್ಕೆ ಏರಿತ್ತು. ಒಬ್ಬರಲ್ಲಿ 480/350ನ್ನೂ ಮೀರಿತ್ತು. ಅವರು ಆರೋಗ್ಯವಂತ ಯುವಕರಾದ್ದರಿಂದ ತಡೆದುಕೊಂಡರು. ಒತ್ತಡ ಹೀಗೆ ಜಿಗಿಯಲು ಒಂದು ಕಾರಣ ಉಸಿರನ್ನು ಬಿಗಿಹಿಡಿದು ಮುಕ್ಕಿರಿಯುವುದು. ಆದ್ದರಿಂದ ನೀವು ಹದಿನೈದು ಬಾರಿ ಸುಲಭವಾಗಿ ಎತ್ತಬಲ್ಲ ಭಾರದಿಂದ ಆರಂಭಿಸಿ, ಎತ್ತುವಾಗ ಬಾಯಿಂದ ಉಸಿರು ಬಿಡುತ್ತ, ಇಳಿಸುವಾಗ ಎಳೆದುಕೊಳ್ಳಬೇಕು. ಮಕ್ಕಳಿಗೆ ಮಗ್ಗಿ ಹೇಳಿಸಿದಂತೆ ಎಣಿಕೆಯನ್ನು ಬಾಯಿಬಿಟ್ಟು ಹೇಳುತ್ತ ಎತ್ತಿದರೆ ಉಸಿರು ತಾನಾಗಿಯೇ ಹೊರಬೀಳುತ್ತದೆ. ಒತ್ತಡ ಹತೋಟಿಯಲ್ಲಿದೆಯೇ ಎಂಬುದನ್ನು ಮೊದಲು ಪರೀಕ್ಷಿಸಿಕೊಳ್ಳಿ. ಎದೆನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿಗೆ ಹೋಗಿ. ಇಷ್ಟು ಎಚ್ಚರ ವಹಿಸಿದರೆ ತಿಂಗಳುಗಳ ಅಭ್ಯಾಸದಿಂದ ವಿಶ್ರಾಂತಿಯ ಹೊತ್ತಿನ ರಕ್ತದೊತ್ತಡ ಸ್ವಲ್ಪ ಇಳಿಯುತ್ತದೆ, ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುವ ಸ್ನಾಯುವೂ ಹೆಚ್ಚುತ್ತದೆ. ಇನ್ಸುಲಿನ್ ಅಥವಾ ಸಕ್ಕರೆಯನ್ನು ಬೇಗ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಖಾಲಿ ಹೊಟ್ಟೆಯಲ್ಲಿ ಭಾರ ಎತ್ತಬೇಡಿ.

ಮೊಟ್ಟೆಯ ವಿಷಯದಲ್ಲಿ, ದಾವಣಗೆರೆಯ ಯುವಕನಿಗೆ ಹೇಳಿದ ಧೈರ್ಯವನ್ನು ನಿಮಗೆ ಹಾಗೆಯೇ ಹೇಳಲಾರೆ. ಸಕ್ಕರೆ ಕಾಯಿಲೆಯಿರುವವರಲ್ಲಿ ಹಳದಿಯ ಪರಿಣಾಮದ ಬಗ್ಗೆ ಅಧ್ಯಯನಗಳು ಒಂದೇ ದಿಕ್ಕಿಗೆ ಬೆರಳು ತೋರಿಸುವುದಿಲ್ಲ. ದಿನಕ್ಕೆ ಒಂದು ಇಡೀ ಮೊಟ್ಟೆ, ಹೆಚ್ಚು ಬೇಕಾದರೆ ಜೊತೆಗೆ ಎರಡು ಬಿಳಿ. ಮೂರು ತಿಂಗಳ ನಂತರ ರಕ್ತ ಪರೀಕ್ಷೆ ಮಾಡಿಸಿ ವೈದ್ಯರಿಗೆ ತೋರಿಸಿ. ಬೇಯಿಸಿ ತಿನ್ನಿ. ಮೊಟ್ಟೆಯನ್ನು ದೂರಿ, ಅದರ ಜೊತೆಗಿದ್ದ ಬೆಣ್ಣೆಯನ್ನೂ ಎರಡು ಪರೋಟವನ್ನೂ ಮರೆಯುವುದು ಮಾತ್ರ ನ್ಯಾಯವಲ್ಲ. ಮೂತ್ರಪಿಂಡಕ್ಕೆ ತೊಂದರೆಯಾಗಿದೆ ಎಂದು ಯಾರಾದರೂ ಹೇಳಿದ್ದರೆ ಪ್ರೋಟೀನಿನ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು.

ಪ್ರಶ್ನೆ: ನಮ್ಮ ಮನೆಯಲ್ಲಿ ಮೊಟ್ಟೆ ಒಳಗೆ ಬರುವಂತಿಲ್ಲ, ನನಗೂ ತಿನ್ನುವ ಮನಸ್ಸಿಲ್ಲ. ತೂಕ 50 ಕಿಲೋ, ವಾರಕ್ಕೆ ಮೂರು ದಿನ ಭಾರ ಎತ್ತುತ್ತೇನೆ. ಮೊಟ್ಟೆಯಿಲ್ಲದೆ ಸ್ನಾಯು ಬೆಳೆಯುವುದೇ ಇಲ್ಲ ಎಂದು ಗೆಳತಿಯರು ಹೆದರಿಸುತ್ತಾರೆ.
— ಎಂ.ಎಸ್ಸಿ. ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಬೆಳೆಯುತ್ತದೆ. ಮೊಟ್ಟೆಯ ಪ್ರೋಟೀನ್ ಸುಲಭವಾಗಿ, ಅಗ್ಗವಾಗಿ, ಪ್ರೋಟೀನನ್ನು ಕಟ್ಟುವ ತುಣುಕುಗಳಾದ ಎಲ್ಲ ಅಗತ್ಯ ಅಮೈನೊ ಆಮ್ಲಗಳೊಂದಿಗೆ ಒಂದೇ ಚಿಪ್ಪಿನಲ್ಲಿ ಸಿಗುತ್ತದೆ, ಅಷ್ಟೇ ಅದರ ಹೆಚ್ಚುಗಾರಿಕೆ. ಅಕ್ಕಿ ಗೋಧಿಗಳಲ್ಲಿ ಕೊರತೆಯಿರುವ ಲೈಸಿನ್ ಎಂಬ ಅಮೈನೊ ಆಮ್ಲ ಬೇಳೆಕಾಳುಗಳಲ್ಲಿ ಧಾರಾಳವಾಗಿದೆ, ಬೇಳೆಕಾಳುಗಳಲ್ಲಿ ಕಡಿಮೆಯಿರುವ ಮೆಥಿಯೊನಿನ್ ಎಂಬ ಇನ್ನೊಂದು ಅಮೈನೊ ಆಮ್ಲ ಧಾನ್ಯಗಳಲ್ಲಿದೆ. ಅನ್ನದ ಜೊತೆ ಬೇಳೆಯನ್ನು ಸೇರಿಸಿದ ಹಿರಿಯರು ತಿಳಿಯದೆಯೇ ಈ ಲೆಕ್ಕವನ್ನು ಸರಿದೂಗಿಸಿದ್ದರು.

ನಿಮಗೆ ದಿನಕ್ಕೆ ಸುಮಾರು 80 ಗ್ರಾಂ ಬೇಕು. 50 ಗ್ರಾಂ ಒಣ ಸೋಯಾ ಉಂಡೆಗಳಲ್ಲಿ 26 ಗ್ರಾಂ, 60 ಗ್ರಾಂ ಬೇಳೆಯಲ್ಲಿ 13, 400 ಗ್ರಾಂ ಮೊಸರಿನಲ್ಲಿ 12, 30 ಗ್ರಾಂ ಕಡಲೆಬೀಜದಲ್ಲಿ 7, ದಿನದ ಅನ್ನ, ಚಪಾತಿ, ದೋಸೆಗಳಿಂದ 20ರಷ್ಟು, ಒಟ್ಟು 78. ಆದರೆ ಇಲ್ಲಿ ನಮ್ಮ ಮಲೆನಾಡಿನ ಅಡುಗೆಮನೆಯ ಒಂದು ಮೋಸವನ್ನು ಹೇಳಲೇಬೇಕು. ಬೇಳೆ ಎಂದು ನಾನು ಬರೆದಿರುವುದು ತಟ್ಟೆಯಲ್ಲಿ ನಿಲ್ಲುವ ಬೇಳೆ. ತಳ ಕಾಣುವ ತಿಳಿಸಾರು ಲೆಕ್ಕಕ್ಕೆ ಬರುವುದಿಲ್ಲ. ಹುರುಳಿಯ ಕಟ್ಟಿನ ಸಾರು ಎಷ್ಟೇ ರುಚಿಯಾಗಿದ್ದರೂ ಕಟ್ಟು ಎಂದರೆ ಬೇಯಿಸಿದ ನೀರು, ಪ್ರೋಟೀನಿನ ಬಹುಪಾಲು ಬಸಿದ ಕಾಳಿನಲ್ಲೇ ಉಳಿದಿರುತ್ತದೆ. ಸಾರು ಮನೆಯವರಿಗೆ, ಕಾಳು ಕೊಟ್ಟಿಗೆಯ ಎಮ್ಮೆಗೆ ಎಂಬ ಹಳೆಯ ಪದ್ಧತಿಯಲ್ಲಿ ಎಮ್ಮೆಯೇ ಕಟ್ಟುಮಸ್ತಾಗುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ಆ ಕಾಳಿಗೆ ಒಗ್ಗರಣೆ ಹಾಕಿ, ಕಾಯಿತುರಿ ಸೇರಿಸಿ ಉಸಲಿ ಮಾಡಿ ನೀವೇ ತಿನ್ನಿ. ವರ್ಷಕ್ಕೊಮ್ಮೆ ಬಿ12 ಪರೀಕ್ಷಿಸಿಕೊಳ್ಳಿ, ಸಸ್ಯಾಹಾರಿಗಳಲ್ಲಿ ಅದರ ಕೊರತೆ ಸಾಮಾನ್ಯ.

ಪ್ರಶ್ನೆ: ನಾನು ಒಂಬತ್ತನೆಯ ತರಗತಿ. ಭಾರ ಎತ್ತಿದರೆ ಎತ್ತರ ಬೆಳೆಯುವುದು ನಿಲ್ಲುತ್ತದೆಯೇ?
— ವಿದ್ಯಾರ್ಥಿ, ಕೊಪ್ಪಳ

ಉತ್ತರ: ಇಲ್ಲ. ಎತ್ತರವನ್ನು ನಿರ್ಧರಿಸುವುದು ಮುಖ್ಯವಾಗಿ ಹೆತ್ತವರಿಂದ ಬಂದ ಗುಣ ಮತ್ತು ಪೋಷಣೆ. ಆದರೆ ಬೆಳೆಯುವ ವಯಸ್ಸಿನಲ್ಲಿ ಮೂಳೆಯ ತುದಿಯ ಮೃದು ಭಾಗಕ್ಕೆ ಪೆಟ್ಟಾಗಬಾರದು, ಆದ್ದರಿಂದ ಗೆಳೆಯರ ಜೊತೆ ಪಂಥ ಕಟ್ಟಿ ಯಾರು ಹೆಚ್ಚು ಎತ್ತುತ್ತಾರೆಂದು ನೋಡುವ ಆಟ ಬೇಡ. ದೈಹಿಕ ಶಿಕ್ಷಣ ಶಿಕ್ಷಕರ ಎದುರಿನಲ್ಲಿ ದಂಡ, ಬಸ್ಕಿ, ಕಂಬಿಗೆ ಜೋತು ಮೈ ಎತ್ತುವುದು, ಹಗುರ ಡಂಬೆಲ್ ಇವುಗಳಿಂದ ಶುರುಮಾಡು. ಎತ್ತುವ ಭಂಗಿ ತಪ್ಪಿದ ಕೂಡಲೇ ನಿಲ್ಲಿಸು. ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದರೆ, 2024ರ ಸೆಪ್ಟೆಂಬರ್‌ನಿಂದ ವಾರದ ಆರು ದಿನಗಳಿಗೆ ವಿಸ್ತರಿಸಿದ ಬಿಸಿಯೂಟದ ಮೊಟ್ಟೆಯನ್ನು ಬಿಡಬೇಡ. ಮೊಟ್ಟೆ ತಿನ್ನದವರಿಗೆ ಕೊಡುವ ಬಾಳೆಹಣ್ಣಿನಲ್ಲಿ ಅಷ್ಟು ಪ್ರೋಟೀನ್ ಇಲ್ಲ. ಜಿಮ್‌ಗಳಲ್ಲಿ ಮಾರುವ ಯಾವ ಡಬ್ಬವನ್ನೂ, ಯಾರು ಕೊಟ್ಟರೂ, ಮುಟ್ಟಬೇಡ.

ಪ್ರಶ್ನೆ: ನಾಟಿ ಕೋಳಿಯ ಮೊಟ್ಟೆಗೆ ದುಪ್ಪಟ್ಟು ಬೆಲೆ ಕೊಟ್ಟು ತರುತ್ತಿದ್ದೇನೆ. ಫಾರಂ ಮೊಟ್ಟೆಗಿಂತ ಅದರಲ್ಲಿ ಶಕ್ತಿ ಹೆಚ್ಚೇ?
— ಆಟೊ ಚಾಲಕರು, ತುಮಕೂರು

ಉತ್ತರ: ಪ್ರೋಟೀನಿಗಾಗಿ ಕೊಡುತ್ತಿದ್ದರೆ ಆ ಹಣ ವ್ಯರ್ಥ. ನಾಟಿ ಮೊಟ್ಟೆ ಗಾತ್ರದಲ್ಲಿ ಚಿಕ್ಕದಾದ್ದರಿಂದ ಒಂದೊಂದರಲ್ಲಿ ಸಿಗುವ ಪ್ರೋಟೀನ್ ಕಡಿಮೆಯೇ. ಚಿಪ್ಪಿನ ಕಂದು ಬಣ್ಣ ಕೋಳಿಯ ತಳಿಯಿಂದ ಬರುತ್ತದೆ, ಹಳದಿಯ ಗಾಢ ಬಣ್ಣ ಅದು ತಿಂದ ಸೊಪ್ಪು, ಜೋಳಗಳಿಂದ. ಬಿಸಿಲಿನಲ್ಲಿ ಅಡ್ಡಾಡಿದ ಕೋಳಿಯ ಮೊಟ್ಟೆಯಲ್ಲಿ ಡಿ ಜೀವಸತ್ವ ಹೆಚ್ಚಿರಬಹುದು, ರುಚಿಯೂ ನಿಮಗೆ ಹಿಡಿಸಿರಬಹುದು. ಅದಕ್ಕಾಗಿ ಕೊಂಡರೆ ನನ್ನ ತಕರಾರಿಲ್ಲ. ನಾಟಿಯಾಗಲಿ ಫಾರಮ್ಮಿನದಾಗಲಿ, ಮನೆಗೆ ತಂದ ಮೇಲೆ ನೀರಿನ ಪಾತ್ರೆಗೆ ಬಿಟ್ಟು ನೋಡಿ. ತಳದಲ್ಲಿ ಅಡ್ಡಲಾಗಿ ಮಲಗಿದರೆ ಹೊಸತು, ನೆಟ್ಟಗೆ ನಿಂತರೆ ಹಳೆಯದು, ಬೇಗ ಬೇಯಿಸಿ ಮುಗಿಸಿ, ತೇಲಿದ್ದನ್ನು ಬಿಸಾಡಿ. ಚಿಪ್ಪು ಬಿರುಕು ಬಿಟ್ಟಿದ್ದನ್ನು ಅಂಗಡಿಯವನು ಅರ್ಧ ಬೆಲೆಗೆ ಕೊಡುತ್ತೇನೆಂದರೂ ಅಲ್ಲಿಯೇ ಬಿಟ್ಟು ಬನ್ನಿ.